ಒಳಗಿನ ಮಾತು: ಬೆಳಿಗ್ಗೆ ಐದಕ್ಕೆ ಎದ್ರೆ ಸಂತ ಆಗ್ಬಿಡ್ತೀವಾ?

ಈ ತಿಂಗಳು ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಒಟ್ಟು ಹಾಕಿ ನೋಡಿದ್ರೆ ಅರ್ಧಕ್ಕರ್ಧ "ಲೈಫ್ ಕೋಚ್" ಅನ್ನೋ ಪದಾನೇ. ಮೊದಲೆಲ್ಲಾ ಅತ್ತೆ ಸೊಸೆ, ಮಕ್ಕಳ ಮಾರ್ಕ್ಸು, ಮದುವೆ ಕೂಡಿ ಬರ್ತಿಲ್ಲ ಅಂತ ಬರ್ತಿದ್ವು, ಈಗ್ಲೂ ಬರತ್ತೆ ಬಿಡಿ, ಆದ್ರೆ ಅದರ ಜೊತೆ "ಅಕ್ಕಾ ನಾನು ನನ್ನ ಬೆಸ್ಟ್ ವರ್ಷನ್ ಆಗ್ಬೇಕು" ಅಂತಾನೂ ಬರತ್ತೆ. ನಾನು ಗುರುಗಳೂ ಅಲ್ಲ, ಸಿಸ್ಟರೂ ಅಲ್ಲ. ಸ್ಕೂಲಲ್ಲಿ ಕೌನ್ಸೆಲರ್ ಆಗಿದ್ದು ರಿಟೈರ್ ಆದೋಳು, ಧ್ಯಾನಕೂಟಗಳಲ್ಲಿ ಜನರ ಜೊತೆ ಕೂತು ಅವರ ಮಾತು ಕೇಳೋದು ನನ್ನ ಈಗಿನ ಕೆಲಸ. ಹಾಗಾಗಿ ದೇವಶಾಸ್ತ್ರದ ದೊಡ್ಡ ಪ್ರಶ್ನೆ ಇದ್ರೆ ನಿಮ್ಮ ಧರ್ಮಕೇಂದ್ರದ (ಚರ್ಚಿನ) ಗುರುಗಳನ್ನ ಕೇಳಿ, ಮನೆ ಅಡುಗೆ ಥರದ್ದು ಇದ್ರೆ ನನ್ನ ಕೇಳಿ.

ಪ್ರಶ್ನೆ: ಅಕ್ಕಾ, ನನಗೆ 27, ಐಟಿ ಕೆಲಸ. ಆಫೀಸ್ ಫ್ರೆಂಡ್ ಕರೆದ ಅಂತ ಒಂದು ಹೋಟೆಲಲ್ಲಿ ಎರಡು ದಿನದ ಲೈಫ್ ಕೋಚಿಂಗ್ ವರ್ಕ್‌ಶಾಪಿಗೆ ಹೋದೆ, ಹದಿನೆಂಟು ಸಾವಿರ ಕಟ್ಟಿದೆ. ಬೆಳಿಗ್ಗೆ ಐದಕ್ಕೆ ಏಳು, ಜರ್ನಲ್ ಬರಿ, ಗೋಡೆ ಮೇಲೆ ವಿಷನ್ ಬೋರ್ಡ್ ಹಾಕು, ಬೇಕಾದ್ದು ಆಗ್ಲೇ ಸಿಕ್ಕಿದೆ ಅಂತ ಫೀಲ್ ಮಾಡು, ಯೂನಿವರ್ಸ್ ಕೊಟ್ಟೇ ಕೊಡತ್ತೆ ಅಂದ್ರು. ಮೂರು ತಿಂಗಳು ಚೆನ್ನಾಗಿತ್ತು. ಪ್ರಮೋಷನ್ ಬರ್ಲಿಲ್ಲ, ಕೋಚನ್ನ ಕೇಳಿದ್ರೆ ನಿನ್ನ ವೈಬ್ರೇಷನ್ನೇ ಕಮ್ಮಿ ಅಂತಾರೆ. ಮನೇಲಿ ಅಮ್ಮ ಇದೆಲ್ಲಾ ಪಾಪ, ಹೋಗಿ ಪಾಪನಿವೇದನೆ ಮಾಡು ಅಂತಾರೆ. ನಿಜವಾಗ್ಲೂ ಪಾಪನಾ?
(ಹೆಸರು ಬೇಡ, ಬೆಂಗಳೂರು)

ಉತ್ತರ: ತಮ್ಮಾ, ಮೊದಲು ಮೊರ ತಗೊಂಡು ಕೇರೋಣ, ಅಕ್ಕಿ ಯಾವ್ದು ಕಲ್ಲು ಯಾವ್ದು ಅಂತ. ಎಲ್ಲಾನೂ ಎತ್ತಿ ಬೀದಿಗೆ ಸುರಿಯೋದು ಬೇಡ.

ಬೇಗ ಏಳೋದು ಪಾಪ ಆಗಿದ್ರೆ ಮಠದಲ್ಲಿರೋ ಸನ್ಯಾಸಿಗಳಿಗೆ ಯಾರಿಗೂ ಮೋಕ್ಷ ಇರ್ತಿರ್ಲಿಲ್ಲ. ಜರ್ನಲ್ ಬರಿಯೋದೂ ಅಷ್ಟೇ, ಒಳ್ಳೇದೇ. ನಿಮ್ಮ ಫೋನಲ್ಲಿ ಹ್ಯಾಬಿಟ್ ಟ್ರ್ಯಾಕರ್ ಅಂತ ಆಪ್ ಇರತ್ತಲ್ಲ, ಅದನ್ನ ಯೇಸುಸಭೆ (ಜೆಸ್ವಿಟ್ ಸಂಘ) ಶುರು ಮಾಡಿದ ಸಂತ ಇಗ್ನೇಷಿಯಸ್ ಲೊಯೋಲಾ ಆಗ್ಲೇ ಮಾಡಿಟ್ಟಿದ್ರು. 1548ರಲ್ಲಿ ಅಚ್ಚಾದ ಅವರ 'ಆಧ್ಯಾತ್ಮಿಕ ಸಾಧನೆಗಳು' ಪುಸ್ತಕದಲ್ಲಿ ಇದೆ: ಒಂದೇ ಒಂದು ಕೆಟ್ಟ ಅಭ್ಯಾಸ ಆರಿಸ್ಕೋ, ದಿನಕ್ಕೆ ಎರಡು ಗೆರೆ ಎಳ್ಕೋ, ಮಧ್ಯಾಹ್ನದವರೆಗೆ ಎಷ್ಟು ಸಲ ಜಾರಿದೆ ಅಂತ ಮೇಲಿನ ಗೆರೆ ಮೇಲೆ ಚುಕ್ಕೆ ಇಡು, ರಾತ್ರಿವರೆಗಿನ ಲೆಕ್ಕ ಕೆಳಗಿನ ಗೆರೆ ಮೇಲೆ, ಆಮೇಲೆ ನಿನ್ನೆಗೂ ಇವತ್ತಿಗೂ ಹೋಲಿಸಿ ನೋಡು. ಹದಿನೆಂಟು ಸಾವಿರ ಬೇಡ, ಒಂದು ಪೆನ್ಸಿಲ್ ಸಾಕು.

ನಮ್ಮ ಧರ್ಮಸಭೆ ಮನುಷ್ಯನ ಮೈ ಮನಸ್ಸನ್ನ ಯಾವತ್ತೂ ಬಿಟ್ಟಾಕಿಲ್ಲ. ಸಂತ ಥಾಮಸ್ ಅಕ್ವೀನಾಸ್ ಅಂದ್ರೆ ದೊಡ್ಡ ದೊಡ್ಡ ಗ್ರಂಥ ಬರೆದ ಭಾರೀ ಪಂಡಿತರು ಅಂತ ನಾವು ಕೈ ಮುಗಿದು ದೂರ ನಿಂತ್ಕೋತೀವಿ, ಆದ್ರೆ ದುಃಖಕ್ಕೆ ಮದ್ದೇನು ಅಂತ ಅವರು ಬರೆದಿರೋ ಕಡೆ ನೋಡಿದ್ರೆ ಏನೇನಿದೆ ಗೊತ್ತಾ, ಮನಸ್ಸಿಗೆ ಹಿತ ಆಗೋದು ಏನಾದ್ರೂ ಮಾಡೋದು, ಅಳೋದು, ಸ್ನೇಹಿತರು ಜೊತೆಗಿರೋದು, ಸತ್ಯದ ಚಿಂತನೆ, ಕೊನೇಲಿ ನಿದ್ದೆ ಮತ್ತೆ ಸ್ನಾನ! ಹದಿಮೂರನೇ ಶತಮಾನದ ಸನ್ಯಾಸಿ ಒಬ್ರು ಸ್ನಾನ ಮಾಡಿ ಮಲ್ಕೋ ಅಂತ ಬರೆದಿದಾರೆ ಅಂದ್ಮೇಲೆ ನೀವು ರಾತ್ರಿ ಒಂದು ಗಂಟೆಗೆ ಅಮೆರಿಕಾ ಕಾಲ್ ಮುಗಿಸಿ ಐದಕ್ಕೆ ಎದ್ದು ಕಣ್ಣು ಕೆಂಪು ಮಾಡ್ಕೊಂಡು ಕೂತ್ಕೋಬೇಕಾಗಿಲ್ಲ, ಏಳೂವರೆಗೆ ಏಳಿ, ಯಾರೂ ಏನೂ ಅನ್ನಲ್ಲ. ಕೃಪೆ ಅನ್ನೋದು ನಮ್ಮ ಸ್ವಭಾವಾನ ಕೆಡವಿ ಹಾಕಲ್ಲ, ಅದನ್ನೇ ಪೂರ್ತಿ ಮಾಡತ್ತೆ ಅಂತ ಹೇಳಿದ್ದೂ ಅವರೇನೇ.

ಇನ್ನು ಕಲ್ಲಿಗೆ ಬರೋಣ. "ಯೂನಿವರ್ಸ್ ಕೊಡತ್ತೆ" ಅನ್ನೋ ಕಡೆ ನನ್ನ ಹಲ್ಲಿಗೆ ಕಲ್ಲು ಸಿಕ್ತು. ನಾವು ದಿನಾ ಹೇಳೋ ಪ್ರಾರ್ಥನೇಲಿ "ನಿಮ್ಮ ಚಿತ್ತ ನೆರವೇರಲಿ" ಅಂತಿದೆ, ಈ ಕೋರ್ಸಲ್ಲಿ "ನನ್ನ ಚಿತ್ತ ನೆರವೇರಲಿ, ಆದಷ್ಟು ಬೇಗ" ಅಂತ. ಗುರಿ ಇಟ್ಕೊಳ್ಳೋದು ತಪ್ಪಲ್ಲ, ಗೋಡೆ ಮೇಲೆ ಚೀಟಿ ಅಂಟಿಸೋದೂ ತಪ್ಪಲ್ಲ, ಜಗತ್ತನ್ನ ಆರ್ಡರ್ ತಗೊಳ್ಳೋ ಹೋಟೆಲ್ ಥರ ನೋಡೋದೇ ತಪ್ಪು. ಹಾಗಂತ ಅವರನ್ನಷ್ಟೇ ಬೈದ್ರೆ ಆಗಲ್ಲ, ನಾವೂ ಅದೇ ಮಾಡ್ತೀವಿ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗಿ ಮೇಣದಬತ್ತಿ ಹಚ್ಚಿ ಒಂಬತ್ತು ವಾರ ನವೇನ ಮಾಡಿ ಹತ್ತನೇ ವಾರ ಕೆಲಸ ಆಗ್ಲಿಲ್ಲ ಅಂತ ಮುಖ ಊದಿಸ್ಕೊಳ್ಳೋರು ನಮ್ಮಲ್ಲೇ ಎಷ್ಟು ಜನ ಇಲ್ಲ, ಅದೂ ವಿಷನ್ ಬೋರ್ಡೇ, ಹೂವಿನ ಹಾರ ಹಾಕಿರೋದು ಅಷ್ಟೇ.

ಆದ್ರೆ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಆ "ವೈಬ್ರೇಷನ್ ಕಮ್ಮಿ" ಅನ್ನೋ ಮಾತಿಗೆ. ಸಿಕ್ರೆ ಕೋಚಿನ ವಿದ್ಯೆ, ಸಿಗ್ಲಿಲ್ಲ ಅಂದ್ರೆ ನಿನ್ನ ದೋಷ. ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯ ತೆಗೆದು ನೋಡಿ, ಹುಟ್ಟುಕುರುಡನನ್ನ ನೋಡಿ ಶಿಷ್ಯರು ಕೇಳ್ತಾರೆ, ಇವನು ಕುರುಡನಾಗಿ ಹುಟ್ಟೋಕೆ ಪಾಪ ಮಾಡಿದ್ದು ಯಾರು, ಇವನಾ, ಅಪ್ಪ ಅಮ್ಮನಾ? ಯೇಸುಸ್ವಾಮಿ ಇವನೂ ಅಲ್ಲ, ಅವರೂ ಅಲ್ಲ ಅಂತಾರೆ. ನಿಮ್ಮ ಪ್ರಮೋಷನ್ನೂ ಹಾಗೇ, ಬಜೆಟ್ ಇರ್ಲಿಲ್ಲವೋ, ಮ್ಯಾನೇಜರ್ ಮನಸ್ಸು ಮಾಡ್ಲಿಲ್ಲವೋ, ಯಾರಿಗೆ ಗೊತ್ತು.

ಇದು ಹೊಸ ಕಾಯಿಲೆನೂ ಅಲ್ಲ. ಐದನೇ ಶತಮಾನದಲ್ಲೇ ಪೆಲಾಜಿಯಸ್ ಅಂತ ಒಬ್ರು ಮನುಷ್ಯ ಗಟ್ಟಿ ಮನಸ್ಸು ಮಾಡಿದ್ರೆ ತನ್ನ ಪ್ರಯತ್ನದಿಂದ್ಲೇ ಒಳ್ಳೆಯವನಾಗಬಹುದು ಅನ್ನೋ ಥರ ಬೋಧಿಸ್ತಿದ್ರು, ಸಂತ ಅಗಸ್ಟೀನ್ ಅದಕ್ಕೆ ಎದುರು ನಿಂತ್ರು, 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಅದನ್ನ ತಳ್ಳಿಹಾಕ್ತು. ಪೋಪ್ ಫ್ರಾನ್ಸಿಸ್ 2018ರಲ್ಲಿ ಪಾವಿತ್ರ್ಯದ ಬಗ್ಗೆ ಬರೆದ ಪತ್ರದಲ್ಲಿ ಆ ಹಳೇ ಭೂತ ಈಗ್ಲೂ ನಮ್ಮ ಮಧ್ಯೆ ಓಡಾಡ್ತಿದೆ ಅಂತ ಎಚ್ಚರಿಸಿದಾರೆ. ಪ್ರಯತ್ನ ಬೇಡ ಅಂತಲ್ಲ. ರೈತ ಉಳಬೇಕು, ಬಿತ್ತಬೇಕು, ಕಳೆ ಕೀಳಬೇಕು, ಆದ್ರೆ ಮಳೇನ ಅವನು ತಯಾರು ಮಾಡಲ್ಲ. ಮಳೆ ಬರ್ದೇ ಇದ್ದ ವರ್ಷ ಅವನನ್ನ ಸೋಮಾರಿ ಅಂತ ಯಾರೂ ಬೈಯಲ್ಲ.

ಪಾಪನಿವೇದನೆ ವಿಷಯ: ಗೊತ್ತಿಲ್ದೆ ಹೋಗಿದ್ದಕ್ಕೆ ನಡುಗ್ಬೇಡಿ. ಅಮ್ಮನ ಕಾಟಕ್ಕಲ್ಲ, ನಿಮ್ಮ ಮನಸ್ಸಿಗೆ ಬೇಕು ಅನ್ಸಿದ್ರೆ ಗುರುಗಳ ಹತ್ರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಹದಿನೆಂಟು ಸಾವಿರ ವಾಪಸ್ ಬರಲ್ಲ, ಅದಕ್ಕೆ ಪ್ರಾರ್ಥನೆ ಇಲ್ಲ.

ಪ್ರಶ್ನೆ: ಲೈಫ್ ಕೋಚು, ಕೌನ್ಸೆಲರು, ಆಧ್ಯಾತ್ಮಿಕ ಮಾರ್ಗದರ್ಶಕರು, ಪಾಪನಿವೇದನೆ ಕೇಳೋ ಗುರುಗಳು, ಇವರಲ್ಲಿ ವ್ಯತ್ಯಾಸ ಏನು? ಫೀಸ್ ಎಷ್ಟು?
(ಓದುಗರು, ಚಿಕ್ಕಮಗಳೂರು)

ಉತ್ತರ: ಲೈಫ್ ಕೋಚ್ ಅಂತ ನಮ್ಮ ದೇಶದಲ್ಲಿ ಯಾರು ಬೇಕಾದ್ರೂ ಬೋರ್ಡ್ ಹಾಕ್ಕೋಬಹುದು, ನಾಳೆ ನಾನೂ ಹಾಕ್ಕೋಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸ್ಕೋಬೇಕಂದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಇರ್ಬೇಕು, ಕೇಳಿ ತಿಳ್ಕೊಳ್ಳಿ, ಕೇಳೋದ್ರಲ್ಲಿ ನಾಚಿಕೆ ಇಲ್ಲ. ಪಾಪನಿವೇದನೇಲಿ ಕೇಳಿದ್ದನ್ನ ಗುರುಗಳು ಪ್ರಾಣ ಹೋದ್ರೂ ಹೊರಗೆ ಹೇಳೋ ಹಾಗಿಲ್ಲ, ಅದು ಸಂಸ್ಕಾರ. ಆಧ್ಯಾತ್ಮಿಕ ಮಾರ್ಗದರ್ಶಕರು ಗುರುಗಳೇ ಆಗಿರ್ಬೇಕು ಅಂತಿಲ್ಲ, ಸಿಸ್ಟರ್ ಆಗಿರಬಹುದು, ಸಂಸಾರಸ್ಥರೂ ಆಗಿರಬಹುದು. ಅವರ ಕೆಲಸ ನಿಮಗೆ ದಾರಿ ಆರಿಸಿ ಕೊಡೋದಲ್ಲ. ಇಗ್ನೇಷಿಯಸ್ ಅವರು ಮಾರ್ಗದರ್ಶಕರಿಗೆ ಅಂತಾನೇ ಬರೆದಿದಾರೆ, ಈ ಕಡೆಗೂ ವಾಲ್ಬೇಡ, ಆ ಕಡೆಗೂ ವಾಲ್ಬೇಡ, ತಕ್ಕಡಿ ಥರ ಮಧ್ಯದಲ್ಲಿ ನಿಂತ್ಕೋ, ದೇವರು ತಾನೇ ಆ ಮನುಷ್ಯನ ಜೊತೆ ನೇರವಾಗಿ ವ್ಯವಹರಿಸ್ಲಿ ಅಂತ. ನೀನು ಮಠ ಸೇರು, ನೀನು ಇವಳನ್ನೇ ಮದುವೆ ಆಗು, ದೇವರು ನನಗೆ ಹೇಳಿದಾರೆ ಅಂತ ಯಾರಾದ್ರೂ ಅಂದ್ರೆ ಚಪ್ಪಲಿ ಹಾಕ್ಕೊಂಡು ಎದ್ದು ಬನ್ನಿ.

ಫೀಸು? ನನಗೆ ಒಬ್ರು ಮನೆಯಲ್ಲಿ ಬೆಳೆದ ಹೀರೇಕಾಯಿ ತಂದು ಕೊಟ್ಟಿದ್ರು. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ.

ಪ್ರಶ್ನೆ: ನನಗೆ 36, ಟೀಚರ್, ನಮ್ಮ ಚರ್ಚಿನ ಗಾಯನವೃಂದಾನ ಹನ್ನೊಂದು ವರ್ಷದಿಂದ ನಡೆಸ್ತಿದೀನಿ. ಕ್ರಿಸ್ಮಸ್ ಪ್ರಾಕ್ಟೀಸ್ ಟೈಮಲ್ಲಿ ಒಂದು ಮಾತಿಗೆ ಮಾತು ಬೆಳೆದು ಎಲ್ಲರ ಎದುರು ಅವಮಾನ ಆಯ್ತು. ಆವಾಗಿಂದ ಪ್ರಾರ್ಥನೆ ರುಚಿಸಲ್ಲ, ಪೂಜೆಗೆ ಹೋದ್ರೆ ಕಲ್ಲಿನ ಥರ ಕೂತಿರ್ತೀನಿ. ಗಾಯನವೃಂದ ಬಿಡೋಣ, ಬೇರೆ ಚರ್ಚಿಗೆ ಹೋಗೋಣ, ಸಾಧ್ಯ ಆದ್ರೆ ಈ ಕೆಲಸಾನೂ ಬಿಟ್ಟು ಊರೇ ಬಿಡೋಣ ಅನ್ಸತ್ತೆ. ರಾಜೀನಾಮೆ ಟೈಪ್ ಮಾಡಿ ಇಟ್ಟಿದೀನಿ. ಏನು ಮಾಡ್ಲಿ ಅಕ್ಕಾ?
(ಮೈಸೂರು ಕಡೆಯವರು)

ಉತ್ತರ: ಟೈಪ್ ಮಾಡಿದ್ದು ಇರ್ಲಿ, ಕಳಿಸ್ಬೇಡಿ. ಇವತ್ತಿಗೆ ಅಷ್ಟೇ.

ಒಂದು ಕಾಲು ಮುರಿದ ಕಥೆ ಹೇಳ್ತೀನಿ. 1521ನೇ ಇಸವಿ, ಸ್ಪೇನಿನ ಪಾಂಪ್ಲೋನಾ ಕೋಟೆ, ಫ್ರೆಂಚರ ಫಿರಂಗಿ ಗುಂಡು ಬಿದ್ದು ಇಗ್ನೇಷಿಯಸ್ ಕಾಲು ಮುರಿಯಿತು. ಆಗ ಸಂತರೂ ಅಲ್ಲ ಏನೂ ಅಲ್ಲ, ಮೂವತ್ತರ ಆಸುಪಾಸಿನ ಶೋಕಿ ಸೈನಿಕ. ಮೂಳೆ ಕೂಡಿದ ಮೇಲೆ ಒಂದು ತುಂಡು ಉಬ್ಬಿಕೊಂಡು ಕಾಣ್ತಿತ್ತಂತೆ, ಬಿಗಿಯಾದ ಬೂಟ್ ಹಾಕ್ಕೊಂಡ್ರೆ ಚೆನ್ನಾಗಿ ಕಾಣಲ್ಲ ಅಂತ ಆ ಮೂಳೇನ ಗರಗಸದಲ್ಲಿ ಕೊಯ್ಸಿಕೊಂಡ್ರು, ಅದೂ ಅರಿವಳಿಕೆ ಇಲ್ಲದ ಕಾಲದಲ್ಲಿ! ಹಾಸಿಗೆ ಮೇಲೆ ಬೋರಾಗಿ ವೀರರ ಪ್ರೇಮಕಥೆ ಪುಸ್ತಕ ಕೇಳಿದ್ರೆ ಆ ಮನೇಲಿ ಇದ್ದದ್ದು ಕ್ರಿಸ್ತರ ಚರಿತ್ರೆ ಮತ್ತೆ ಸಂತರ ಕಥೆಗಳು. ಅದನ್ನೇ ಓದಿದ್ರು. ಮಧ್ಯೆ ಮಧ್ಯೆ ಒಬ್ಬ ದೊಡ್ಡ ಮನೆತನದ ಹೆಂಗಸಿನ ಬಗ್ಗೆ ಗಂಟೆಗಟ್ಟಲೆ ಹಗಲುಗನಸು, ಮಧ್ಯೆ ಮಧ್ಯೆ ಆ ಸಂತರು ಮಾಡಿದ್ದನ್ನ ನಾನೂ ಮಾಡಿದ್ರೆ ಹೇಗೆ ಅನ್ನೋ ಕನಸು.

ಎರಡೂ ಕನಸು ಕಾಣುವಾಗ ಖುಷಿನೇ. ವ್ಯತ್ಯಾಸ ಇದ್ದದ್ದು ಆಮೇಲೆ. ಮೊದಲನೇದು ಮುಗಿದ ಮೇಲೆ ಮನಸ್ಸು ಒಣಗಿ ಕಸಿವಿಸಿ, ಎರಡನೇದು ಮುಗಿದ ಮೇಲೂ ಒಂದು ತಂಪು ಉಳೀತಿತ್ತು. ಇದನ್ನ ಅವರು ಒಂದು ದಿನ ಗಮನಿಸಿದ್ರು, ಅಷ್ಟೇ ನೋಡಿ, ಮುಂದೆ ಅವರು ಕಲಿಸಿದ ಮನಸ್ಸಿನ ವಿದ್ಯೆಗೆಲ್ಲಾ ಬೇರು ಅಲ್ಲಿದೆ. ಬಾಯಿಗೆ ಹಾಕ್ಕೊಂಡಾಗಿನ ರುಚಿ ಅಲ್ಲ, ನುಂಗಿದ ಮೇಲೆ ಉಳಿಯೋ ರುಚಿ ನೋಡು ಅಂತ.

ಅವರು ಬರೆದ ನಿಯಮಗಳಲ್ಲಿ ಒಂದನ್ನ ನಿಮಗೋಸ್ಕರನೇ ಬರೆದ ಹಾಗಿದೆ. ಮನಸ್ಸು ಬರಡಾಗಿ ಕತ್ತಲೆ ಕವಿದಿರೋ ಹೊತ್ತಲ್ಲಿ ಯಾವ ಬದಲಾವಣೆನೂ ಮಾಡ್ಬೇಡ, ಬೆಳಕಿದ್ದಾಗ ಏನು ತೀರ್ಮಾನ ಮಾಡಿದ್ಯೋ ಅದಕ್ಕೇ ಅಂಟಿಕೊಂಡಿರು. ಯಾಕಂದ್ರೆ ಸಮಾಧಾನದಲ್ಲಿದ್ದಾಗ ಒಳ್ಳೇ ಆತ್ಮ ದಾರಿ ತೋರಿಸೋ ಥರ, ಬರಡಾಗಿದ್ದಾಗ ಕೆಟ್ಟ ಆತ್ಮ ಸಲಹೆ ಕೊಡ್ತಾ ಇರತ್ತೆ. ತೀರ್ಮಾನ ಬದಲಿಸ್ಬೇಡ, ನಿನ್ನನ್ನೇ ಸ್ವಲ್ಪ ಬದಲಿಸ್ಕೋ, ಪ್ರಾರ್ಥನೆಗೆ ಇನ್ನೂ ಸ್ವಲ್ಪ ಜಾಸ್ತಿ ಕೂತ್ಕೋ ಅಂತಾರೆ ಮುಂದಿನ ನಿಯಮದಲ್ಲಿ. ಗಾಯನವೃಂದ ಬಿಡಲೇಬಾರದು ಅಂತ ನಾನು ಹೇಳ್ತಿಲ್ಲ. ಹನ್ನೊಂದು ವರ್ಷ ಆಯ್ತು, ಬೇರೆಯವರಿಗೆ ಬಿಟ್ಟುಕೊಡೋದೇ ದೇವರ ಇಚ್ಛೆ ಇರಬಹುದು, ಆದ್ರೆ ಅದು ಮನಸ್ಸು ತಿಳಿಯಾದ ಮೇಲೂ ಹಾಗೇ ಅನ್ಸತ್ತಾ ನೋಡಿ. ಕಲಕಿದ ಬಿಂದಿಗೇಲಿ ತಳ ಕಾಣಲ್ಲ.

(ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಮನೇಲಿ ಹೊಡೆತ ತಿಂತಿರೋರು, ಯಾರಿಂದಲೋ ಕಿರುಕುಳ ಆಗ್ತಿರೋರು ಈ ನಿಯಮ ಹಿಡ್ಕೊಂಡು ಅಲ್ಲೇ ಕೂರೋದಲ್ಲ. ಅದು ಬರಡು ಕಾಲ ಅಲ್ಲ, ಅಪಾಯ. ಮೊದಲು ಅಲ್ಲಿಂದ ಹೊರಗೆ ಬನ್ನಿ.)

ಕಾಯೋ ಹೊತ್ತಲ್ಲಿ ಮಾಡೋಕೆ ಒಂದು ಕೆಲಸ ಕೊಡ್ತೀನಿ, ದಿನಾ ರಾತ್ರಿ ಹತ್ತು ನಿಮಿಷದ ಆತ್ಮಪರಿಶೀಲನೆ. ಪುಸ್ತಕದ ಭಾಷೇಲಿ ಹೇಳಿದ್ರೆ ನಿದ್ದೆ ಬರತ್ತೆ, ನನ್ನ ನಿನ್ನೆ ರಾತ್ರಿದೇ ಹೇಳ್ತೀನಿ. ಒಂಬತ್ತೂವರೆ, ಕಟ್ಟೆ ಒರೆಸಿ, ಗ್ಯಾಸ್ ಆಫ್ ಮಾಡಿ, ಅಡುಗೆಮನೇಲಿರೋ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತೆ. ಮೊದಲು ಥ್ಯಾಂಕ್ಸ್: ಮೊಮ್ಮಗಳು ವಿಡಿಯೋ ಕಾಲಲ್ಲಿ ಬಾಯಿ ಅಗಲ ಮಾಡಿ ಹೊಸ ಹಲ್ಲು ತೋರಿಸಿದ್ದು, ಸೊಪ್ಪಿನವಳು ಒಂದು ಕಟ್ಟು ದಂಟು ಸುಮ್ನೆ ಹಾಕಿಕೊಟ್ಟಿದ್ದು. ಎರಡನೇದು, ಸ್ವಾಮಿ ನನ್ನ ಕಣ್ಣಿಂದಲ್ಲ ನಿಮ್ಮ ಕಣ್ಣಿಂದ ಈ ದಿನ ತೋರಿಸಿ ಅಂತ ಕೇಳಿದೆ. ಮೂರನೇದು ಬೆಳಿಗ್ಗೆಯಿಂದ ದಿನಾನ ಓಡಿಸಿ ನೋಡೋದು. ಎಲ್ಲಾ ಸಲೀಸಾಗಿ ಹೋಯ್ತು, ಹನ್ನೊಂದು ಗಂಟೆ ಹತ್ರ ಬಂದಾಗ ಸಿಕ್ಕಿಹಾಕ್ಕೊಂಡೆ. ಟ್ಯಾಂಕರ್ ನೀರಿನ ದುಡ್ಡು ಯಾರು ಎಷ್ಟು ಕೊಡ್ಬೇಕು ಅಂತ ಎರಡನೇ ಮಹಡಿಯವರ ಜೊತೆ ಮಾತಾಗಿ, "ಬಾಡಿಗೆಯವರಿಗೆ ಏನ್ ಗೊತ್ತು" ಅಂದ್ಬಿಟ್ಟಿದ್ದೆ. ಅಂದಾಗ ಗೆದ್ದ ಖುಷಿ, ಸುಳ್ಳು ಯಾಕೆ ಹೇಳ್ಲಿ, ಮೆಟ್ಟಿಲು ಹತ್ತುವಾಗ ನಗ್ತಾ ಇದ್ದೆ. ಅರ್ಧ ಗಂಟೆ ಆದ್ಮೇಲೆ ಅನ್ನಕ್ಕೆ ಸಾರು ಹಾಕ್ಕೊಂಡು ಕೂತ್ರೆ ಹಾಗಲಕಾಯಿ ತಿಂದ ಬಾಯಿ. ಅದೇ ರೀ, ನುಂಗಿದ ಮೇಲಿನ ರುಚಿ. ನಾಲ್ಕನೇದು ತಪ್ಪಾಯ್ತು ಅಂತ ಕೇಳೋದು, ಐದನೇದು ನಾಳೆಗೆ ಒಂದೇ ಒಂದು ಚಿಕ್ಕ ಕೆಲಸ ಇಟ್ಕೊಳ್ಳೋದು. ಇವತ್ತು ಬೆಳಿಗ್ಗೆ ಮೆಟ್ಟಿಲ ಹತ್ರ ಸಿಕ್ರು, ನಿನ್ನೆ ಹಾಗಂದಿದ್ದು ತಪ್ಪಾಯ್ತಮ್ಮಾ ಅಂದೆ. "ಇರ್ಲಿ ಬಿಡಿ ಆಂಟಿ" ಅಂದ್ರು, ಮುಖ ಮಾತ್ರ ಇನ್ನೂ ಗಂಟಾಗೇ ಇತ್ತು. ಇರತ್ತೆ, ಅದು ಅವರ ಮುಖ.

ಮೂರು ವಾರ ಹೀಗೆ ಕೂತು, ಆ ಪ್ರಾಕ್ಟೀಸ್ ದಿನದ ಅವಮಾನಾನೂ ಒಂದು ರಾತ್ರಿ ಈ ಸ್ಟೂಲಿಗೆ ತನ್ನಿ. ಹಾಗೇನೇ ನಿದ್ದೆ, ಊಟ ಎರಡೂ ಕೆಟ್ಟು ಬೆಳಿಗ್ಗೆ ಏಳೋಕೇ ಆಗ್ತಿಲ್ಲ ಅನ್ನೋ ಹಾಗಿದ್ರೆ ಡಾಕ್ಟರ್ ಹತ್ರನೂ ಹೋಗಿ, ಡಿಪ್ರೆಷನ್ನಿಗೂ ಪ್ರಾರ್ಥನೆಯ ಬರಡುತನಕ್ಕೂ ಹೊರಗಿನಿಂದ ಒಂದೇ ಮುಖ ಇರತ್ತೆ. ಆಮೇಲೆ ಬರೀರಿ ನನಗೆ.

ಪ್ರಶ್ನೆ: ಮೇಡಂ, ಮಗನಿಗೆ 19. ಹಾಸ್ಟೆಲಿಗೆ ಹೋದ ಮೇಲೆ ಪೂಜೆಗೆ ಹೋಗೋದು ನಿಲ್ಲಿಸಿದಾನೆ, ದೇವರೇ ಇಲ್ಲ ಅಂತ ವಾದ ಮಾಡ್ತಾನೆ. ರಜೆಗೆ ಬಂದಾಗ ಮಾತು ಬಿಟ್ಟಿದೀನಿ, ಒಟ್ಟಿಗೆ ಊಟಕ್ಕೂ ಕೂರಲ್ಲ. ಯಾರಾದ್ರೂ ಒಳ್ಳೇ ಕೆಥೊಲಿಕ್ ಕೋಚ್ ಅಥವಾ ಗುರುಗಳು ಅವನಿಗೆ ಬುದ್ಧಿ ಹೇಳೋ ಹಾಗೆ ಮಾಡಿ.
(ಒಬ್ಬ ತಾಯಿ, ಶಿವಮೊಗ್ಗ ಜಿಲ್ಲೆ)

ಉತ್ತರ: ಅಮ್ಮಾ, ನಿಮಗಿಂತ ಮೊದಲು ಇದೇ ಅರ್ಜಿ ಹಿಡ್ಕೊಂಡು ಒಬ್ರು ಹೋಗಿದ್ರು, ಅವರ ಮಗನಿಗೂ ಹತ್ತೊಂಬತ್ತರ ಹೊತ್ತಿಗೇ ತಲೆ ತಿರುಗಿದ್ದು. ಸಂತ ಮೋನಿಕಾ. ಮಗ ಅಗಸ್ಟೀನ್ ಮನಿಕೇಯರು ಅನ್ನೋ ಆಗಿನ ಕಾಲದ ಬೇರೊಂದು ಪಂಥ ಸೇರಿದಾಗ ಅವರೂ ನಿಮ್ಮ ಥರನೇ ಮಗನ ಜೊತೆ ಒಂದು ಮನೇಲಿರಲ್ಲ, ಒಂದು ಪಂಕ್ತೀಲಿ ಊಟ ಮಾಡಲ್ಲ ಅಂದಿದ್ರು, ಆಮೇಲೆ ಒಂದು ಕನಸು ಬಿದ್ದು ಮತ್ತೆ ಊಟಕ್ಕೆ ಕೂರಿಸ್ಕೊಂಡ್ರು. ಇದನ್ನ ಆ ಮಗನೇ ದೊಡ್ಡವನಾದ ಮೇಲೆ ಬರ್ಕೊಂಡಿದಾನೆ. ಕನಸಿಗೆ ಕಾಯ್ಬೇಡಿ, ಈ ರಜೇಲೇ ತಟ್ಟೆ ಹಾಕಿ.

ಆ ತಾಯಿ ಒಬ್ಬ ಧರ್ಮಾಧ್ಯಕ್ಷರ (ಬಿಷಪ್) ಹತ್ರ ಹೋಗಿ, ನನ್ನ ಮಗನ ಜೊತೆ ಮಾತಾಡಿ, ಅವನ ತಪ್ಪು ತಿಳಿಸಿಕೊಡಿ ಅಂತ ಗೋಗರೀತಾರೆ. ಅವರು ಒಪ್ಪಲ್ಲ! ಅವನು ಈಗ ಕೇಳೋ ಸ್ಥಿತೀಲಿಲ್ಲ, ಬಿಟ್ಟುಬಿಡಿ, ಅವನಿಗೋಸ್ಕರ ಪ್ರಾರ್ಥನೆ ಮಾತ್ರ ಮಾಡಿ, ಓದ್ತಾ ಓದ್ತಾ ಅವನಿಗೇ ಗೊತ್ತಾಗತ್ತೆ ಅಂತಾರೆ, ತಾನೂ ಚಿಕ್ಕವನಿದ್ದಾಗ ಅದೇ ಪಂಥದಲ್ಲಿ ಬೆಳೆದು ತಾನಾಗೇ ಹೊರಗೆ ಬಂದೆ ಅಂತಾನೂ ಹೇಳ್ತಾರೆ. ಮೋನಿಕಾ ಬಿಡ್ತಾರಾ, ಅಳ್ತಾ ಮತ್ತೆ ಮತ್ತೆ ಕೇಳಿದ್ರು, ಕೊನೆಗೆ ಆ ಪುಣ್ಯಾತ್ಮರಿಗೆ ರೇಗಿ, ಹೋಗಮ್ಮಾ ಇಲ್ಲಿಂದ, ಇಷ್ಟು ಕಣ್ಣೀರಿನ ಮಗ ಹಾಳಾಗೋಕೆ ಸಾಧ್ಯನೇ ಇಲ್ಲ ಅಂದ್ರು. ನಾವು ಆ ಕೊನೇ ಮಾತನ್ನ ಫ್ರೇಮ್ ಹಾಕಿಸಿ ಗೋಡೆಗೆ ತೂಗಾಕ್ತೀವಿ, ರೇಗಿ ಹೇಳಿದ್ದು ಅನ್ನೋದನ್ನ ಮರೀತೀವಿ. ಅಗಸ್ಟೀನ್ ಮಿಲಾನಿನಲ್ಲಿ ಸಂತ ಆಂಬ್ರೋಸರಿಂದ ಸ್ನಾನದೀಕ್ಷೆ ತಗೊಂಡಿದ್ದು 387ರ ಪಾಸ್ಖಕ್ಕೆ (ಈಸ್ಟರ್), ಆಗ ಅವರಿಗೆ ಮೂವತ್ತೆರಡು ದಾಟಿತ್ತು. ಅದೇ ವರ್ಷ ತಾಯಿ ತೀರ್ಕೊಂಡ್ರು. ಲೆಕ್ಕ ಹಾಕಿ ನೋಡಿ ಎಷ್ಟು ವರ್ಷ ಅಂತ.

ಹಾಗಾಗಿ ಕೋಚಿನ ನಂಬರ್ ಕೊಡಲ್ಲ ನಾನು. ಅವನು ದೇವರಿಲ್ಲ ಅಂದಾಗ ಯಾಕೆ ಹಾಗನ್ಸತ್ತೆ ಅಂತ ಕೇಳಿ, ಉತ್ತರ ಪೂರ್ತಿ ಕೇಳಿ, ಮಧ್ಯೆ ಬಾಯಿ ಹಾಕ್ಬೇಡಿ, ಕಷ್ಟ ನನಗೆ ಗೊತ್ತು. ಭಾನುವಾರ ನೀವು ಪೂಜೆಗೆ ಹೊರಡುವಾಗ ಬರ್ತೀಯಾ ಅಂತ ಒಂದ್ಸಲ ಕೇಳಿ, ಇಲ್ಲ ಅಂದ್ರೆ ಸರಿ ಅನ್ನಿ, ಬಾಗಿಲು ಧಡ್ ಅಂತ ಹಾಕ್ಬೇಡಿ.

ಪ್ರಶ್ನೆ: ಪ್ರತಿ ವರ್ಷ ತಪಸ್ಸುಕಾಲ ಶುರುವಾಗೋ ಬೂದಿ ಬುಧವಾರ ದೊಡ್ಡ ಪ್ರತಿಜ್ಞೆ ಮಾಡ್ತೀನಿ, ಮೊಬೈಲ್ ಮುಟ್ಟಲ್ಲ, ಮಾಂಸ ಇಲ್ಲ, ಸಿಟ್ಟು ಮಾಡಲ್ಲ, ದಿನಾ ಪೂಜೆ. ಎರಡನೇ ವಾರಕ್ಕೆ ಎಲ್ಲಾ ಢಮಾರ್. ಆಮೇಲೆ ನನ್ನ ಮೇಲೇ ಅಸಹ್ಯ. ವಿಲ್ ಪವರ್ ಹೇಗೆ ಬೆಳೆಸ್ಕೊಳ್ಳೋದು?
(ಆಟೋ ಓಡಿಸೋರು, 41, ಬೆಂಗಳೂರು)

ಉತ್ತರ: ಅಣ್ಣಾ, ನೀವು ಒಂದು ಆಟೋದಲ್ಲಿ ಎಂಟು ಜನ ಹತ್ತಿಸ್ತಿದೀರಾ. ಒಂದನ್ನ ಉಳಿಸ್ಕೊಂಡು ಮಿಕ್ಕಿದ್ದು ಇಳಿಸಿ. ಸಿಟ್ಟು ಅಂತಿಟ್ಕೊಳ್ಳಿ, ಅದರಲ್ಲೂ ಸಿಗ್ನಲ್ ಹತ್ರ ಬರೋ ಸಿಟ್ಟು ಮಾತ್ರ. ಮೊದಲು ಹೇಳಿದ ಆ ಗೆರೆ ಚುಕ್ಕೆ ಲೆಕ್ಕ ಮಾಡಿ, ಮೀಟರ್ ಪಕ್ಕ ಒಂದು ಚೀಟಿ ಸಾಕು.

ಅಸಹ್ಯದ ಬಗ್ಗೆ: 1609ರಲ್ಲೇ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಸಂಸಾರಸ್ಥರಿಗೆ ಅಂತಾನೇ ಒಂದು ಪುಸ್ತಕ ಬರೆದ್ರು, ಸಿಟ್ಟು ಬಂತಲ್ಲಾ ಅಂತ ತನ್ನ ಮೇಲೇ ಸಿಟ್ಟು ಮಾಡ್ಕೊಳ್ಳೋರು ಸಿಟ್ಟನ್ನ ಎರಡು ಮಾಡ್ಕೋತಾರೆ ಅನ್ನೋದು ಅದರಲ್ಲಿ ಬರತ್ತೆ. ಬಿದ್ದಾಗ ಮನಸ್ಸಿಗೆ ಬೈಬೇಡ, ಅಯ್ಯೋ ನನ್ನ ಬಡ ಹೃದಯವೇ, ಬೇಡ ಅಂದುಕೊಂಡ ಹಳ್ಳಕ್ಕೇ ಬಿದ್ವಲ್ಲಾ, ಬಾ ಏಳೋಣ ಅಂತ ಕರುಣೆಯಿಂದ ಮಾತಾಡ್ಸು ಅಂತಾರೆ. ನಿಮ್ಮ ಗಾಡಿ ಪಂಕ್ಚರ್ ಆದ್ರೆ ಒದೀತೀರಾ, ಜಾಕ್ ಹಾಕ್ತೀರಾ?

ಪ್ರಶ್ನೆ: ಅಕ್ಕಾ, ನನಗೆ 22. ಪಾಪನಿವೇದನೆ ಮಾಡಿ ಹೊರಗೆ ಬರ್ತಿದ್ದ ಹಾಗೇ ಏನೋ ಬಿಟ್ಟೆ, ಸರಿಯಾಗಿ ಹೇಳ್ಲಿಲ್ಲ ಅನ್ಸತ್ತೆ, ಮತ್ತೆ ಹೋಗ್ತೀನಿ. ಒಂದೇ ವಾರದಲ್ಲಿ ಮೂರು ಚರ್ಚಿಗೆ ಹೋಗಿದೀನಿ. ಪೂಜೇಲಿ ಕೊಡೋ ಪರಮಪ್ರಸಾದ ತಗೊಳ್ಳೋಕೆ ಭಯ. ರಾತ್ರಿ ನಿದ್ದೆ ಇಲ್ಲ. ನಾನು ಅಷ್ಟು ಕೆಟ್ಟವಳಾ?
(ಹೆಸರು ಬೇಡ)

ಉತ್ತರ: ಇಲ್ಲ ಕಂದಾ. ಇದಕ್ಕೆ ನಮ್ಮಲ್ಲಿ ಹಳೇ ಹೆಸರೇ ಇದೆ, ಸ್ಕ್ರೂಪಲ್ಸ್ ಅಂತಾರೆ, ಚಪ್ಪಲಿ ಒಳಗೆ ಸೇರಿಕೊಂಡ ಚಿಕ್ಕ ಕಲ್ಲು ಅನ್ನೋ ಅರ್ಥದ ಪದ. ಮೇಲೆ ಅಷ್ಟೊಂದು ಹೇಳಿದ್ನಲ್ಲ ಇಗ್ನೇಷಿಯಸ್, ಅವರಿಗೇ ಬಂದಿತ್ತು. ಮೊಂಟ್ಸೆರಾಟಿನಲ್ಲಿ ಮೂರು ದಿನ ಕೂತು ಇಡೀ ಜೀವನದ ಪಾಪ ಬರೆದು ನಿವೇದನೆ ಮಾಡಿದ್ರು, ಆದ್ರೂ ಮನ್ರೇಸಾ ಊರಿಗೆ ಬಂದ ಮೇಲೆ ಅದು ಬಿಟ್ಟೆ ಇದು ಬಿಟ್ಟೆ ಅನ್ನೋ ಕಾಟ, ಎಷ್ಟು ಅಂದ್ರೆ ಸಾಯೋಣ ಅನ್ನೋವರೆಗೆ ಹೋಗಿತ್ತು. ಒಂದು ವಾರ ಉಪವಾಸ ಕೂತ್ರು, ಆಗ ಗುರುಗಳು ಊಟ ಮಾಡು ಅಂತ ಆಜ್ಞೆ ಮಾಡಿದ್ರು. ನಿಧಾನವಾಗಿ ಅವರಿಗೆ ಗೊತ್ತಾಯ್ತು, ಈ ಹಿಂಸೆ ದೇವರಿಂದ ಬರ್ತಿರೋದಲ್ಲ ಅಂತ. ಹಳೇ ಪಾಪಗಳನ್ನ ಮತ್ತೆ ನಿವೇದನೆ ಮಾಡೋದನ್ನ ನಿಲ್ಲಿಸಿದ್ರು, ಬಿಡುಗಡೆ ಆಯ್ತು.

ನೀವು ಮಾಡ್ಬೇಕಾದ್ದು ಎರಡು. ಮೂರು ಚರ್ಚು ಬೇಡ, ಒಬ್ಬರೇ ಗುರುಗಳನ್ನ ಹಿಡ್ಕೊಳ್ಳಿ, ನನಗೆ ಹೀಗ್ ಹೀಗಾಗತ್ತೆ ಅಂತ ಮೊದಲೇ ಹೇಳಿ, ಅವರು ಮತ್ತೆ ಹೇಳ್ಬೇಡ, ಹೋಗಿ ಪರಮಪ್ರಸಾದ ತಗೋ ಅಂದ್ರೆ ಭಯ ಇದ್ರೂ ತಗೊಳ್ಳಿ. ಎರಡನೇದು, ಇದರ ಹಿಂದೆ ಎಷ್ಟೋ ಸಲ ಒಸಿಡಿ ಅನ್ನೋ ಕಾಯಿಲೆ ಇರತ್ತೆ, ಕೈ ತೊಳೆದಷ್ಟೂ ಕೊಳೆ ಅನ್ಸೋ ಥರದ್ದೇ, ಅದಕ್ಕೆ ಔಷಧಿ ಇದೆ, ಥೆರಪಿ ಇದೆ. ಬೆಂಗಳೂರು ಹತ್ರ ಆದ್ರೆ ನಿಮ್ಹಾನ್ಸ್, ಇಲ್ಲಾಂದ್ರೆ ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ಸರ್ಕಾರದ ಟೆಲಿ ಮಾನಸ್ 14416 ನಂಬರಿಗೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡಬಹುದು, ಫ್ರೀ. ಮನೇಲಿ ಪ್ರಾರ್ಥನೆ ಮಾಡಿದ್ರೆ ಸರಿ ಹೋಗತ್ತೆ ಡಾಕ್ಟರ್ ಯಾಕೆ ಅಂದ್ರೆ ಈ ಪುಟ ತೋರ್ಸಿ, ಅಕ್ಕ ಬೈದಿದಾರೆ ಅನ್ನಿ. ಸಾಯೋ ಯೋಚನೆ ಏನಾದ್ರೂ ಬಂದಿದ್ರೆ ಇದನ್ನ ಓದಿ ಮುಗಿಸೋಕೂ ಮೊದಲು ಆ ನಂಬರಿಗೆ ಫೋನ್ ಮಾಡಿ, ಮನೇಲಿ ಒಬ್ಬರಿಗಾದ್ರೂ ಹೇಳಿ.

ಪ್ರಶ್ನೆ: ರಾತ್ರಿ ಜಪಸರ (ರೋಸರಿ) ಮಾಡುವಾಗ ಐದು ರಹಸ್ಯ, ಅಂದ್ರೆ ಐದು ಭಾಗದಲ್ಲಿ ಮೂರನೇ ರಹಸ್ಯಕ್ಕೇ ನಿದ್ದೆ. ಮೊಮ್ಮಕ್ಕಳು ನಗ್ತಾರೆ. ದೇವಮಾತೆಗೆ ಬೇಜಾರಾಗಲ್ವಾ?
(ಅಜ್ಜಿ, 74, ಹಾಸನ)

ಉತ್ತರ: ಅಜ್ಜೀ, ಲಿಸ್ಯೂವಿನ ಸಂತ ತೆರೇಸಾ ಮಠದಲ್ಲಿದ್ದಾಗ ಪ್ರಾರ್ಥನೆ ಹೊತ್ತಲ್ಲಿ ವರ್ಷಗಟ್ಟಲೆ ತೂಕಡಿಸ್ತಿದ್ರು, ಇಪ್ಪತ್ತರ ಹುಡುಗಿ. ಮಕ್ಕಳು ಎದ್ದಿದ್ರೂ ಮಲಗಿದ್ರೂ ಅಪ್ಪ ಅಮ್ಮನಿಗೆ ಅಷ್ಟೇ ಮುದ್ದು ಅಂತ ಬರೆದು ಸುಮ್ನಾದ್ರು. 1997ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಅವರನ್ನ ಧರ್ಮಸಭೆಯ ಪಂಡಿತೆ ಅಂತ ಘೋಷಣೆ ಮಾಡಿದ್ರು, ನಿದ್ದೆ ಅಡ್ಡ ಬರ್ಲಿಲ್ಲ. ನೀವು ಮೂರನೇ ರಹಸ್ಯದವರೆಗೆ ಮಾಡಿ, ಮಿಕ್ಕ ಎರಡು ನಗ್ತಿರೋ ಮೊಮ್ಮಕ್ಕಳು ಮುಗಿಸ್ಲಿ. ಜಪಸರ ಕೈಯಿಂದ ಜಾರಿ ಮಂಚದ ಕೆಳಗೆ ಹೋಗತ್ತೆ ಅಂತ ಪತ್ರದ ಕೊನೇಲಿ ಬರೆದಿದೀರಲ್ಲ, ಅದಕ್ಕೆ ಕೊರಳಿಗೆ ಹಾಕ್ಕೋಬೇಡಿ, ನಿದ್ದೇಲಿ ಬಿಗಿಯತ್ತೆ, ಮಣಿಕಟ್ಟಿಗೆ ಎರಡು ಸುತ್ತು ಸಡಿಲವಾಗಿ ಸುತ್ಕೊಳ್ಳಿ.